ಕಾಲುಬಾಯಿ ಜ್ವರದ ವೈರಾಣುವಿನ ಅಡಕತ್ತರಿ

ಕಳೆದ ಸುತ್ತಿನ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದ ದಿನ ನಾನು ಊರಿನಲ್ಲಿಯೇ ಇದ್ದೆ. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಂದು ನಾಟಿ ಹಸು, ಐದು ತಿಂಗಳ ಒಂದು ಹೆಣ್ಣುಗರು ಇವೆ. ಒಂದೊಂದರ ಹಗ್ಗವನ್ನೂ ಬಿಗಿಯಾಗಿ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಲಸಿಕೆ ಹಾಕುವವರು ಕೆಲಸ ಮುಗಿಸಿ, ಹಳದಿ ಕಿವಿಯೋಲೆಯ ಮೇಲಿದ್ದ 12 ಅಂಕಿಗಳನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ಮುಂದಿನ ಮನೆಗೆ ಹೋದ ಮೇಲೆ ಚಿಕ್ಕಪ್ಪ ಕೇಳಿದರು: "ಅಲ್ಲ ಕಣೋ, ಮಕ್ಕಳಿಗೆ ಹಾಕ್ಸಿದ ಲಸಿಕೆ ವರ್ಷಾನುಗಟ್ಲೆ ನಡೀತದೆ. ಹಸಿಗ್ಯಾಕೆ ಆರು ತಿಂಗಳಿಗೊಂದ್ಸಲ?"

ಪ್ರೋಟೀನುಗಳ ರಸಾಯನಶಾಸ್ತ್ರವನ್ನು ಓದಿಕೊಂಡವನಾದರೂ ಆ ಹೊತ್ತಿಗೆ ನಾನು ಕೊಟ್ಟದ್ದು ಅರ್ಧ ಉತ್ತರ. "ಇದು ಸತ್ತ ವೈರಾಣುವಿನ ಲಸಿಕೆ ಚಿಕ್ಕಪ್ಪ, ಇದರ ಬಲ ಬೇಗ ಇಳಿಯುತ್ತದೆ" ಎಂದೆ. ಅದು ಸುಳ್ಳಲ್ಲ, ಆದರೆ ಆ ಉತ್ತರದ ಹಿಂದೆ ಇರುವ ಸಂಗತಿ ಬಹಳ ದೊಡ್ಡದು. ಆ ಸಂಗತಿಯ ನಡುವೆ 213 ಅಮೈನೋ ಆಮ್ಲಗಳ ಒಂದು ಪುಟ್ಟ ಕಿಣ್ವವಿದೆ. ಪ್ರೋಟೀನುಗಳನ್ನು ಕಡಿಯುವುದು ಅದರ ಕೆಲಸ, 3ಸಿ ಪ್ರೋಟಿಯೇಸ್ ಎಂದು ಅದರ ಹೆಸರು. ಹಲವು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದಿಟ್ಟಿರುವ ಆ ಕಿಣ್ವದ ಬಗ್ಗೆ, ಚಿಕ್ಕಪ್ಪನ ಪ್ರಶ್ನೆಯನ್ನೇ ನೆಪವಾಗಿಟ್ಟುಕೊಂಡು, ಇಲ್ಲಿ ಬರೆಯುತ್ತಿದ್ದೇನೆ.

ರೋಗವನ್ನು ಕಣ್ಣಾರೆ ಕಂಡವರಿಗೆ ಅದರ ವರ್ಣನೆ ಬೇಕಾಗಿಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಹಸುವಿಗೆ ಅದು ಬಂದಿತ್ತು. ಮೊದಲ ದಿನ ಮೇವು ಮುಟ್ಟಲಿಲ್ಲ. ಎರಡನೆಯ ದಿನ ಬಾಯಿಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ನಾಲಿಗೆಯ ಮೇಲೆದ್ದ ಬೊಕ್ಕೆಗಳು ಒಡೆದು ಹಸಿ ಮಾಂಸ ಕಾಣುತ್ತಿತ್ತು, ಗೊರಸಿನ ಸಂದಿನಲ್ಲಿ ಹುಣ್ಣಾಗಿ ನಿಲ್ಲಲಾರದೆ ಕಾಲು ಬದಲಿಸುತ್ತಿತ್ತು. ಅಮ್ಮ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದರ ಬಾಯಿ ತೊಳೆದು, ರಾಗಿ ಹಿಟ್ಟನ್ನು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಿದ್ದರು. ಹಸು ಬದುಕಿತು, ಆದರೆ ಹಾಲು ಮೊದಲಿನಂತಾಗಲೇ ಇಲ್ಲ. ಅದರ ಮೊಲೆಯುಣ್ಣುತ್ತಿದ್ದ ಕರು ಮಾತ್ರ ಬಾಯಲ್ಲಿ ಒಂದು ಹುಣ್ಣೂ ಕಾಣಿಸಿಕೊಳ್ಳುವ ಮೊದಲೇ ನಿಂತಲ್ಲೇ ಕುಸಿದು ಸತ್ತಿತು. ಈ ವೈರಾಣು ಎಳೆಗರುಗಳ ಹೃದಯದ ಸ್ನಾಯುವನ್ನೇ ಹಾಳುಮಾಡುತ್ತದೆಂದೂ, ಅಂಥ ಹೃದಯವನ್ನು ಸೀಳಿ ನೋಡಿದರೆ ಹುಲಿಯ ಮೈಮೇಲಿನಂಥ ಪಟ್ಟೆಗಳು ಕಾಣುತ್ತವೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಇದೇ ರೋಗ ಊರಿಂದೂರಿಗೆ ಹಬ್ಬಿದಾಗ ಹಾಲನ್ನೇ ನಂಬಿದ್ದ ಎಷ್ಟೋ ಮನೆಗಳು ತಿಂಗಳ ಬಟವಾಡೆಯನ್ನು ಕಳೆದುಕೊಂಡವು.

ಪ್ರಾಣಿಗಳಿಗೆ ರೋಗ ತರುವ ವೈರಾಣುಗಳಲ್ಲಿ ಮೊದಲು ಪತ್ತೆಯಾದದ್ದು ಇದೇ. ಬ್ಯಾಕ್ಟೀರಿಯಾಗಳನ್ನು ತಡೆದು ನಿಲ್ಲಿಸುವ ಸೋಸುಕವನ್ನೂ ದಾಟಿ ಬರುವ ಯಾವುದೋ ವಸ್ತು ಈ ರೋಗಕ್ಕೆ ಕಾರಣವೆಂದು ಜರ್ಮನಿಯ ಫ್ರೆಡ್ರಿಕ್ ಲೋಫ್ಲರ್ ಮತ್ತು ಪೌಲ್ ಫ್ರೋಶ್ 1898ರಲ್ಲಿ ತೋರಿಸಿಕೊಟ್ಟರು. ಒಂದೂಕಾಲು ಶತಮಾನ ಕಳೆದರೂ ಅದನ್ನು ನಾವು ಗೆದ್ದಿಲ್ಲ. ಜಾನುವಾರುಗಳ ಇನ್ನೊಂದು ಮಹಾಮಾರಿಯಾದ ರಿಂಡರ್‌ಪೆಸ್ಟ್ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಅದರ ವಿರುದ್ಧ ಒಂದೇ ಬಗೆಯ ಜೀವಂತ ಲಸಿಕೆ ಸಾಕಾಗಿತ್ತು, ಅದು ಕೊಡುವ ರಕ್ಷಣೆಯೂ ದೀರ್ಘಕಾಲದ್ದು. ಕಾಲುಬಾಯಿ ಜ್ವರಕ್ಕೆ ಈ ಎರಡು ಅನುಕೂಲಗಳೂ ಇಲ್ಲ. ಇದರ ವೈರಾಣುವಿನಲ್ಲಿ ಸೀರೋಟೈಪು ಎಂದು ಕರೆಯುವ ಏಳು ಒಳಬಗೆಗಳಿದ್ದು, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಭಾರತದಲ್ಲಿ ಇಂದು ಕಾಣಸಿಗುವುದು ಒ, ಎ ಮತ್ತು ಏಷ್ಯಾ-1 ಎಂಬ ಮೂರು. ಆದ್ದರಿಂದ ನಮ್ಮ ಲಸಿಕೆಯ ಬಾಟಲಿಯಲ್ಲಿ ಈ ಮೂರೂ ಇರಲೇಬೇಕು.

ಈಗ ಬಳಕೆಯಲ್ಲಿರುವ ಲಸಿಕೆಯನ್ನು ತಯಾರಿಸುವ ರೀತಿ ನೇರವಾದದ್ದು. ಬಿಎಚ್‌ಕೆ-21 ಎಂಬ, ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಬಂದ ಕೋಶಗಳನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಬೆಳೆಸುತ್ತಾರೆ. ಆ ಕೋಶಗಳಿಗೆ ಜೀವಂತ ವೈರಾಣುವನ್ನು ಸೋಂಕಿಸಿ, ಬೆಳೆದ ವೈರಾಣುವನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಎಣ್ಣೆಯಂಥ ಪೂರಕವಸ್ತುವಿನೊಂದಿಗೆ ಬೆರೆಸುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ದೇಶದ ಉದ್ದಗಲಕ್ಕೂ ಹಾಕುತ್ತಿರುವುದು ಇಂಥ ಲಸಿಕೆಯನ್ನೇ. ಅದರಿಂದ ಆಗಿರುವ ಒಳಿತನ್ನು ನಾನು ಕಡೆಗಣಿಸುತ್ತಿಲ್ಲ. ಲಸಿಕೆ ಹಾಕಿಸಬೇಕೇ ಎಂದು ಯಾರಾದರೂ ಕೇಳಿದರೆ, ತಪ್ಪದೆ, ಪ್ರತಿ ಸುತ್ತಿನಲ್ಲೂ ಹಾಕಿಸಿ ಎಂದೇ ಹೇಳುತ್ತೇನೆ.

ಆದರೆ ಈ ವಿಧಾನದಲ್ಲಿ ಎರಡು ತೊಡಕುಗಳು ಹುಟ್ಟಿನಿಂದಲೇ ಇವೆ. ಮೊದಲನೆಯದು, ಲಸಿಕೆ ಮಾಡಬೇಕಾದರೆ ಭಯಂಕರವಾಗಿ ಹರಡುವ ಜೀವಂತ ವೈರಾಣುವನ್ನು ಅಗಾಧ ಪ್ರಮಾಣದಲ್ಲಿ ಬೆಳೆಸಬೇಕು. 2007ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ರೋಗ ಕಾಣಿಸಿಕೊಂಡಾಗ, ಪಿರ್‌ಬ್ರೈಟ್‌ನಲ್ಲಿದ್ದ ಸಂಶೋಧನೆ ಮತ್ತು ಲಸಿಕೆ ತಯಾರಿಕೆಯ ಆವರಣದಿಂದಲೇ ವೈರಾಣು ಹೊರಬಿದ್ದಿತ್ತೆಂದು ತನಿಖೆಯಿಂದ ತಿಳಿಯಿತು. 2001ರ ಹಾವಳಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಿದ್ದ ಆ ದೇಶಕ್ಕೆ ಅದು ಎಂಥ ಆಘಾತವೆಂದು ಊಹಿಸಬಹುದು. ಎರಡನೆಯ ತೊಡಕು ವೈರಾಣುವಿನ ಕವಚದ ನಾಜೂಕುತನ. ಅದನ್ನು ತಿಳಿಯಬೇಕಾದರೆ ಕವಚ ಹೇಗೆ ತಯಾರಾಗುತ್ತದೆಂದು ನೋಡಬೇಕು, ಆಗ ನಮ್ಮ ಕಿಣ್ವವೂ ಎದುರಾಗುತ್ತದೆ.

ಈ ವೈರಾಣುವಿನ ಆರ್‌ಎನ್‌ಎ ಸುಮಾರು 8,400 ಅಕ್ಷರಗಳಷ್ಟು ಉದ್ದವಿದೆ. ಕೋಶದೊಳಗೆ ಹೊಕ್ಕೊಡನೆ ಅದು ತನಗೆ ಬೇಕಾದ ಪ್ರೋಟೀನುಗಳನ್ನು ಬೇರೆ ಬೇರೆಯಾಗಿ ಮಾಡಿಸಿಕೊಳ್ಳುವುದಿಲ್ಲ. 2,300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರವಾಗಿ ಎಲ್ಲವೂ ಹೊರಬರುತ್ತವೆ. ಆ ಸರ ಇದ್ದಂತೆಯೇ ಇದ್ದರೆ ಯಾವ ಉಪಯೋಗಕ್ಕೂ ಬಾರದು. ಅದನ್ನು ಸರಿಯಾದ ಜಾಗಗಳಲ್ಲಿ ಕಡಿಯಬೇಕು. ಹದಿಮೂರು ಕಡಿತಗಳಲ್ಲಿ ಹತ್ತನ್ನು ಮಾಡುವುದು ಆ ಸರದ ಭಾಗವೇ ಆಗಿರುವ 3ಸಿ ಪ್ರೋಟಿಯೇಸ್. ಅಂದರೆ ಕಡಿಯುವ ಸಲಕರಣೆ ಕಡಿಯಬೇಕಾದ ವಸ್ತುವಿನೊಳಗೇ ಅಡಗಿ ಬರುತ್ತದೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಟೀಫನ್ ಕರಿ ಅವರ ತಂಡ 2005ರಲ್ಲಿ ಈ ಕಿಣ್ವದ ಸ್ಫಟಿಕ ರಚನೆಯನ್ನು ಪ್ರಕಟಿಸಿತು. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಎಲೆಯಡಿಕೆ ಚೀಲದಲ್ಲಿದ್ದ ಅಡಕತ್ತರಿ. ಎರಡು ಗುಂಡನೆಯ ಹಾಲೆಗಳು, ಅವುಗಳ ನಡುವೆ ಒಂದು ಸಂದು; ಸರವನ್ನು ಕಡಿಯುವ ಕೆಲಸ ನಡೆಯುವುದು ಆ ಸಂದಿನಲ್ಲೇ. ಅಡಕತ್ತರಿಯಂತೆ ಇದರ ಹಾಲೆಗಳು ಬಾಯಿ ತೆರೆದು ಮುಚ್ಚುವುದಿಲ್ಲ ಎಂಬ ವ್ಯತ್ಯಾಸವನ್ನು ಹೇಳಲೇಬೇಕು. ಕಡಿಯುವ ಅಲಗು 163ನೆಯ ಸ್ಥಾನದ ಸಿಸ್ಟೀನ್ ಎಂಬ ಅಮೈನೋ ಆಮ್ಲ, ಅದಕ್ಕೆ ಒತ್ತಾಸೆಯಾಗಿ ನಿಲ್ಲುವವು 46ನೆಯ ಹಿಸ್ಟಿಡಿನ್ ಮತ್ತು 84ನೆಯ ಆಸ್ಪಾರ್ಟೇಟ್. ಆಹಾರದ ಪ್ರೋಟೀನನ್ನು ನಮ್ಮ ಕರುಳಿನಲ್ಲಿ ಅರಗಿಸುವ ಕೈಮೋಟ್ರಿಪ್ಸಿನ್ ಕೂಡ ಇದೇ ರೀತಿ ಮಡಿಚಿಕೊಂಡಿರುವ ಕಿಣ್ವ, ಆದರೆ ಅದರ ಅಲಗು ಸಿಸ್ಟೀನ್ ಅಲ್ಲ, ಸೆರೀನ್. ಬಾಯಿಹುಣ್ಣಾಗಿ ಮೇವು ಬಿಟ್ಟ ಹಸುವಿನ ಹೊಟ್ಟೆಯ ಕಿಣ್ವಕ್ಕೂ ಅದನ್ನು ಆ ಸ್ಥಿತಿಗೆ ತಂದ ವೈರಾಣುವಿನ ಕಿಣ್ವಕ್ಕೂ ರೂಪದಲ್ಲಿ ಇಷ್ಟು ಹೋಲಿಕೆ ಇರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಕವಚಕ್ಕೆ ಬೇಕಾದ ಭಾಗವೆಲ್ಲ ಸರದ ಪಿ1 ಎಂಬ ತುಂಡಿನಲ್ಲಿದೆ. 3ಸಿ ಅದನ್ನು ವಿಪಿ0, ವಿಪಿ3, ವಿಪಿ1 ಎಂಬ ಮೂರು ಹೋಳುಗಳಾಗಿ ಮಾಡುತ್ತದೆ. ಹೀಗೆ ಬಿಡಿಯಾದ ಮೂರು ಹೋಳುಗಳ ಕೂಟ ಒಂದು ಎಸಳಾಗಿ, ಅಂಥ ಐದು ಎಸಳುಗಳು ಸೇರಿ ಒಂದು ಐದೆಸಳಿನ ಬಿಲ್ಲೆಯಾಗುತ್ತದೆ. ಅಂಥ 12 ಬಿಲ್ಲೆಗಳು ಜೋಡಿಸಿಕೊಂಡು ಚೆಂಡಿನಂಥ ಕವಚವಾಗುತ್ತದೆ. ಕಡಿತವಾಗದೆ ಜೋಡಣೆಯಿಲ್ಲ. 1989ರಲ್ಲಿ ರವಿ ಆಚಾರ್ಯ, ಎಲಿಜಬೆತ್ ಫ್ರೈ, ಡೇವಿಡ್ ಸ್ಟುವರ್ಟ್ ಮೊದಲಾದವರು ಈ ಕವಚದ ಪರಮಾಣು ಮಟ್ಟದ ಚಿತ್ರವನ್ನು ಬಿಡಿಸಿಟ್ಟಾಗ ಅದರ ಮೇಲ್ಮೈಯ ಪ್ರತಿಯೊಂದು ಏರಿಳಿತವೂ ಕಣ್ಣಿಗೆ ಬಿತ್ತು. ಹಸುವಿನ ಪ್ರತಿಕಾಯಗಳು ಗುರುತಿಸುವುದು ಆ ಏರಿಳಿತಗಳನ್ನು. ಅದಕ್ಕೂ ಮೊದಲು, 1981ರ ಸುಮಾರಿಗೆ, ವಿಪಿ1 ಒಂದನ್ನೇ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಲಸಿಕೆ ಮಾಡಬಹುದೆಂಬ ದೊಡ್ಡ ಭರವಸೆ ಹುಟ್ಟಿತ್ತು. ಜೈವಿಕ ತಂತ್ರಜ್ಞಾನದ ಮೊದಮೊದಲ ಉತ್ಸಾಹದ ದಿನಗಳವು. ಆ ಭರವಸೆ ಕೊಟ್ಟಿಗೆಯವರೆಗೆ ತಲುಪಲಿಲ್ಲ. ಒಂಟಿ ಪ್ರೋಟೀನಿಗಿಂತ ಇಡೀ ಕವಚದ ಆಕಾರವೇ ಹಸುವಿನ ದೇಹಕ್ಕೆ ಮುಖ್ಯವೆಂಬುದು ಕ್ರಮೇಣ ಸ್ಪಷ್ಟವಾಯಿತು.

ಹಾಗಾದರೆ ಆರ್‌ಎನ್‌ಎ ಇಲ್ಲದ ಖಾಲಿ ಕವಚವನ್ನಷ್ಟೇ ಮಾಡಿಸಿದರೆ? ಒಳಗೆ ತಿರುಳಿಲ್ಲದ್ದರಿಂದ ಅದು ಎಂದಿಗೂ ರೋಗ ತರಲಾರದು, ಜೀವಂತ ವೈರಾಣುವನ್ನು ಬೆಳೆಸುವ ಅಗತ್ಯವೂ ಇರುವುದಿಲ್ಲ. ಪಿ1 ತುಂಡಿನ ವಂಶವಾಹಿಯನ್ನೂ ಅದನ್ನು ಕಡಿಯುವ 3ಸಿಯ ವಂಶವಾಹಿಯನ್ನೂ ಒಟ್ಟಿಗೆ ಬೇರೊಂದು ಕೋಶದೊಳಗೆ ಇಟ್ಟರೆ ಸಾಕು. ಅಮೆರಿಕದ ಪ್ಲಮ್ ದ್ವೀಪದ ಪ್ರಯೋಗಾಲಯದಲ್ಲಿ ಮಾರ್ವಿನ್ ಗ್ರಬ್‌ಮನ್ ಮತ್ತು ಸಂಗಡಿಗರು ಈ ಎರಡನ್ನೂ, ತಾನಾಗಿ ಬೆಳೆಯಲಾರದಂತೆ ಮಾಡಿದ ಅಡಿನೋವೈರಸ್ ಎಂಬ ಬೇರೊಂದು ವೈರಾಣುವಿನೊಳಗೆ ಸೇರಿಸಿದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ನನಗೆ ಅಚ್ಚುಮೆಚ್ಚಿನದು, ಏಕೆಂದರೆ ಅದರಲ್ಲಿ ಪ್ರಶ್ನೆಯನ್ನು ಕೇಳಿದ ರೀತಿಯೇ ಅಷ್ಟು ಚೊಕ್ಕವಾಗಿದೆ. ಅವರು ಎರಡು ಲಸಿಕೆಗಳನ್ನು ಮಾಡಿದರು. ಒಂದರಲ್ಲಿ 3ಸಿ ಸರಿಯಾಗಿತ್ತು; ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆಯಿಂದ ಅದರ ಅಲಗನ್ನು ಮೊಂಡಾಗಿಸಿದ್ದರು. ಎರಡರಲ್ಲೂ ಪಿ1 ಸರ ಚೆನ್ನಾಗಿಯೇ ತಯಾರಾಯಿತು. ಆದರೆ ಇಲಿಗಳಲ್ಲಿ ವೈರಾಣುವನ್ನು ಹಿಮ್ಮೆಟ್ಟಿಸಬಲ್ಲ ಪ್ರತಿಕಾಯಗಳು ಹುಟ್ಟಿದ್ದು ಹರಿತವಾದ 3ಸಿ ಇದ್ದ ಲಸಿಕೆಯಿಂದ ಮಾತ್ರ. ಸಾಮಗ್ರಿಯೆಲ್ಲ ಅದೇ ಇದ್ದರೂ ಕಡಿತವಾಗದ ಸರವನ್ನು ದೇಹವು ವೈರಾಣುವೆಂದು ಗುರುತಿಸಲಿಲ್ಲ. ಇದೇ ದಾರಿಯಲ್ಲಿ ಬೆಳೆದ ಅಡಿನೋವೈರಸ್ ಲಸಿಕೆಯೊಂದಕ್ಕೆ 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯಿಂದ ಷರತ್ತುಬದ್ಧ ಪರವಾನಗಿ ಸಿಕ್ಕಿತು. ಜೀವಂತ ಕಾಲುಬಾಯಿ ವೈರಾಣುವನ್ನು ತನ್ನ ಮುಖ್ಯ ಭೂಭಾಗದಲ್ಲಿ ಇರಿಸಿಕೊಳ್ಳಲು ಹಿಂಜರಿಯುತ್ತ ಬಂದ ಆ ದೇಶಕ್ಕೆ, ವೈರಾಣುವಿಲ್ಲದೆ ತಯಾರಾಗುವ ಲಸಿಕೆ ಏಕೆ ಮುಖ್ಯವಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಕಥೆ ಸುಲಭವಾಗಿ ಮುಗಿಯಬಹುದಿತ್ತು, ಮುಗಿಯಲಿಲ್ಲ. 3ಸಿ ತನ್ನ ಸರವನ್ನಷ್ಟೇ ಕಡಿದು ಸುಮ್ಮನಿರುವ ಕಿಣ್ವವಲ್ಲ. ಕೋಶದ ಡಿಎನ್‌ಎಯನ್ನು ಸುತ್ತಿಟ್ಟಿರುವ ಹಿಸ್ಟೋನ್ ಎಚ್3ರ ತುದಿಯನ್ನು ಅದು ಕತ್ತರಿಸುತ್ತದೆ. ಪ್ರೋಟೀನ್ ತಯಾರಿಕೆಗೆ ಬೇಕಾದ ಇಐಎಫ್4ಎ ಎಂಬ ಅಂಶವನ್ನು ಕತ್ತರಿಸುತ್ತದೆ. ಸೋಂಕು ತಗಲಿದೆಯೆಂದು ಕೂಗಿ ಹೇಳುವ ವ್ಯವಸ್ಥೆಯ ನೆಮೋ ಎಂಬ ಪ್ರೋಟೀನನ್ನೂ ಬಿಡುವುದಿಲ್ಲ. ವೈರಾಣುವಿನ ದೃಷ್ಟಿಯಿಂದ ಇದೆಲ್ಲ ಲಾಭವೇ, ಏಕೆಂದರೆ ಕೆಲವೇ ಗಂಟೆಗಳಲ್ಲಿ ಕೋಶವನ್ನು ಹಿಂಡಿ ಹೊರಬೀಳುವುದಷ್ಟೇ ಅದಕ್ಕೆ ಬೇಕು. ಲಸಿಕೆ ತಯಾರಿಸುವವರಿಗಾದರೋ ಕೋಶ ದಿನಗಟ್ಟಲೆ ಬದುಕಿ ಕವಚಗಳನ್ನು ರಾಶಿ ಹಾಕಬೇಕು. 3ಸಿಯನ್ನು ಧಾರಾಳವಾಗಿ ಕೊಟ್ಟರೆ ಕೋಶ ಬೇಗ ಸಾಯುತ್ತದೆ, ಇಳುವರಿ ಸಿಗುವುದಿಲ್ಲ. ಕೊಡದೇ ಹೋದರೆ ಕವಚವೇ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ ಇರುವುದು ಈ ಇಕ್ಕಟ್ಟಿನಲ್ಲಿ. ಮುಂದೆ ನಡೆದ ಕೆಲಸವೆಲ್ಲ ಒಂದು ವಿಧದಲ್ಲಿ ಹದ ಹುಡುಕುವ ಕೆಲಸವೇ.

ಕೆಲವರು ಕಿಣ್ವದ ಪ್ರಮಾಣವನ್ನು ತಗ್ಗಿಸಲು ಹೊರಟರು. ಇಂಗ್ಲೆಂಡಿನ ಪಿರ್‌ಬ್ರೈಟ್, ರೀಡಿಂಗ್ ಮತ್ತು ಆಕ್ಸ್‌ಫರ್ಡ್‌ಗಳ ಸಂಶೋಧಕರು ಕೀಟದ ಕೋಶಗಳಲ್ಲಿ ಕವಚ ತಯಾರಿಸುವಾಗ ಎಚ್‌ಐವಿಯಿಂದ ಒಂದು ಉಪಾಯವನ್ನು ಎರವಲು ಪಡೆದರು. ಎಚ್‌ಐವಿಯ ಆರ್‌ಎನ್‌ಎಯಲ್ಲಿ ಒಂದು ಜಾರುವ ತಾಣವಿದೆ. ಆರ್‌ಎನ್‌ಎಯನ್ನು ಓದುತ್ತ ಪ್ರೋಟೀನ್ ಕಟ್ಟುವ ರೈಬೋಸೋಮ್ ಅಲ್ಲಿಗೆ ಬಂದಾಗ ಹೆಚ್ಚಿನ ಸಲ ನೇರ ಸಾಗಿ ನಿಂತುಬಿಡುತ್ತದೆ, ಅಪರೂಪಕ್ಕೊಮ್ಮೆ ಒಂದು ಅಕ್ಷರ ಹಿಂದಕ್ಕೆ ಜಾರಿ ಓದು ಮುಂದುವರಿಸುತ್ತದೆ. ಪಿ1 ಮುಗಿದ ಮೇಲೆ ಈ ತಾಣವನ್ನಿಟ್ಟು ಅದರಾಚೆಗೆ 3ಸಿಯನ್ನು ಇಟ್ಟರೆ, ಪಿ1 ಯಥೇಚ್ಛವಾಗಿಯೂ 3ಸಿ ಚಿಟಿಕೆಯಷ್ಟೂ ತಯಾರಾಗುತ್ತವೆ. ಒಗ್ಗರಣೆಗೆ ಇಂಗು ಹಾಕುವಷ್ಟು ಎನ್ನೋಣ. ಜೊತೆಗೆ 142ನೆಯ ಸ್ಥಾನದ ಸಿಸ್ಟೀನನ್ನು ಬದಲಿಸಿ ಕಿಣ್ವದ ಚುರುಕನ್ನೂ ಒಂದಿಷ್ಟು ಇಳಿಸಿದರು.

ಪ್ಲಮ್ ದ್ವೀಪದಿಂದ 2017ರಲ್ಲಿ ಪ್ರಕಟವಾದ ಕೆಲಸ ಇನ್ನೊಂದು ದಾರಿಯದು. ಅಲ್ಲಿನ ಸಂಶೋಧಕರು 3ಸಿಯ ಹಲವು ಮಾರ್ಪಾಡುಗಳನ್ನು ಮಾಡಿ, ಕೋಶಕ್ಕೆ ಯಾವುದು ಕಡಿಮೆ ಹಾನಿ ಮಾಡುತ್ತದೆಂದು ಪರೀಕ್ಷಿಸಿದರು. ಪರೀಕ್ಷೆಗೆ ಬಳಸಿದ್ದು ಗಾಸಿಯಾ ಎಂಬ ಪುಟ್ಟ ಕಡಲಜೀವಿಯ ಬೆಳಕು ಸೂಸುವ ಕಿಣ್ವ. ಕೋಶ ಸುಸ್ಥಿತಿಯಲ್ಲಿದ್ದು ಪ್ರೋಟೀನ್ ಮಾಡುತ್ತಿದ್ದರೆ ಬೆಳಕು ಹೆಚ್ಚು, 3ಸಿ ಅದನ್ನು ಸೊರಗಿಸಿದರೆ ಬೆಳಕು ಕಡಿಮೆ. ಹೀಗೆ ಹುಡುಕುವಾಗ 127ನೆಯ ಸ್ಥಾನದ ಲ್ಯೂಸಿನ್ ಇದ್ದಲ್ಲಿ ಪ್ರೋಲಿನ್ ಬಂದ ಮಾರ್ಪಾಡು ಸಿಕ್ಕಿತು. ಅದರಿಂದ ಇಳುವರಿ ಹೆಚ್ಚಿತು, ಆದರೂ ಬೇರೆ ಬೇರೆ ಸೀರೋಟೈಪುಗಳ ಪಿ1 ಸರಗಳನ್ನು ಕಡಿಯುವ ಶಕ್ತಿ ಅದಕ್ಕೆ ಉಳಿದಿತ್ತು. ಸಸ್ತನಿಗಳ ಕೋಶಗಳಲ್ಲಷ್ಟೇ ಅಲ್ಲ, ಬ್ಯಾಕ್ಟೀರಿಯಾದೊಳಗೂ ಕವಚದಂಥ ಕಣಗಳು ಸ್ಫಟಿಕದಂತೆ ಸಾಲುಸಾಲಾಗಿ ಜೋಡಿಸಿಕೊಂಡಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. 213ರಲ್ಲಿ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆಯಿಂದ, ಕೊಲ್ಲುವ ಗುಣ ಮತ್ತು ಕಟ್ಟುವ ಗುಣಗಳನ್ನು ಇಷ್ಟರ ಮಟ್ಟಿಗೆ ಬೇರ್ಪಡಿಸಬಹುದೆಂದು ಓದಿದ ದಿನ ನಾನು ಆ ಪ್ರಬಂಧವನ್ನು ಎರಡು ಸಲ ಓದಿದೆ. ಬ್ಯಾಕ್ಟೀರಿಯಾದ ವಿಷಯ ನಮಗೆ ಇನ್ನೂ ಹೆಚ್ಚು ಮುಖ್ಯ. ಹಸುವೊಂದಕ್ಕೆ ವರ್ಷಕ್ಕೆರಡು ಸಲ, ಕೋಟಿಗಟ್ಟಲೆ ಹಸು ಎಮ್ಮೆಗಳಿಗೆ ಹಾಕಬೇಕಾದ ಲಸಿಕೆ ಅಗ್ಗವಾಗಿರಲೇಬೇಕು, ಬ್ಯಾಕ್ಟೀರಿಯಾವನ್ನು ಬೆಳೆಸುವುದಕ್ಕಿಂತ ಅಗ್ಗದ ದಾರಿಗಳು ಕಡಿಮೆ.

ಎಲ್ಲರೂ 3ಸಿಯನ್ನೇ ನೆಚ್ಚಿಕೊಂಡಿಲ್ಲ. ಚೀನಾದ ಲಾನ್‌ಜೌನಲ್ಲಿ ಮೂರು ಹೋಳುಗಳನ್ನು ಮೊದಲೇ ಬಿಡಿಬಿಡಿಯಾಗಿ ಬ್ಯಾಕ್ಟೀರಿಯಾದಲ್ಲಿ ಮಾಡಿಸಿ, ಆಮೇಲೆ ಜೋಡಿಸುವ ವಿಧಾನವೂ ಬಂದಿದೆ. ರೇಷ್ಮೆ ಬೆಳೆಯುವ ನಮ್ಮ ಸೀಮೆಯವರಿಗೆ ಹಿಡಿಸುವ ಇನ್ನೊಂದು ಸಂಗತಿಯಿದೆ. ಅದೇ ಚೀನಾದಲ್ಲಿ ಪಿ1 ಮತ್ತು 3ಸಿಗಳನ್ನು ರೇಷ್ಮೆಹುಳುವಿಗೆ ತಗಲುವ ಬ್ಯಾಕ್ಯುಲೋವೈರಸ್ಸಿನಲ್ಲಿಟ್ಟು, ಹುಳುವಿನ ಮೈಯನ್ನೇ ತಯಾರಿಕೆಯ ಪಾತ್ರೆಯಾಗಿಸಿ, ಏಷ್ಯಾ-1ರ ವಿರುದ್ಧದ ಲಸಿಕೆಯನ್ನು ಹಸುಗಳಲ್ಲಿ ಪರೀಕ್ಷಿಸಿದ ವರದಿ 2008ರಲ್ಲಿ ಬಂದಿತ್ತು.

ಈಗ ಕವಚದ ನಾಜೂಕುತನಕ್ಕೆ ಬರುತ್ತೇನೆ. ಕಾಲುಬಾಯಿ ವೈರಾಣು ಕೋಶದೊಳಗೆ ಹೊಕ್ಕಾಗ ಅಲ್ಲಿನ ತುಸು ಹುಳಿಯಾದ ಚೀಲದಲ್ಲಿ ಕವಚ ಬಿಚ್ಚಿಕೊಂಡು ಆರ್‌ಎನ್‌ಎ ಹೊರಬರಬೇಕು. ಹಾಗೆ ಸುಲಭವಾಗಿ ಬಿಚ್ಚಿಕೊಳ್ಳುವಂತೆಯೇ ಅದರ 12 ಬಿಲ್ಲೆಗಳ ಬೆಸುಗೆ ಇದೆ. ಈ ಸಡಿಲು ಬೆಸುಗೆಯೇ ಲಸಿಕೆಗೆ ಮುಳುವು. ಬಿಸಿ ತಗಲಿದರೆ, ಹುಳಿ ತಗಲಿದರೆ ಕವಚವು ಬಿಲ್ಲೆಗಳಾಗಿ ಬೇರ್ಪಡುತ್ತದೆ, ಬೇರ್ಪಟ್ಟ ಬಿಲ್ಲೆಗಳು ಹುಟ್ಟಿಸುವ ರಕ್ಷಣೆ ತೀರಾ ಕಡಿಮೆ. ಆದ್ದರಿಂದಲೇ ಕಾರ್ಖಾನೆಯಿಂದ ಕೊಟ್ಟಿಗೆಯವರೆಗೂ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಬೀದಿಗೆ ಬಂದ ಲಸಿಕೆ ಪೆಟ್ಟಿಗೆಯಲ್ಲಿ ಐಸ್ ಪೂರ್ತಿ ಕರಗಿ ಬಾಟಲಿಗಳು ಬೆಚ್ಚಗಾಗಿದ್ದುದನ್ನು ನಾನೇ ಮುಟ್ಟಿ ನೋಡಿದ್ದೆ. ಅಂದು ಚುಚ್ಚಿಸಿಕೊಂಡ ಹಸುಗಳಿಗೆ ನೋವು ಸಿಕ್ಕಿತು, ರಕ್ಷಣೆ ಎಷ್ಟು ಸಿಕ್ಕಿತೋ ಹೇಳಲಾರೆ. ಬಿಸಿಲಿನಲ್ಲಿ ಮನೆಮನೆ ಸುತ್ತುವವರನ್ನು ದೂರಿ ಫಲವಿಲ್ಲ. ಬದಲಾಗಬೇಕಾದದ್ದು ಬಾಟಲಿಯೊಳಗಿನ ವಸ್ತು.

ಅದನ್ನು ಬದಲಿಸಲು ಖಾಲಿ ಕವಚ ಅವಕಾಶ ಕೊಡುತ್ತದೆ. ಜೀವಂತ ವೈರಾಣುವಿನ ಬೆಸುಗೆಯನ್ನು ತೀರಾ ಬಿಗಿಮಾಡಿದರೆ ಅದು ಕೋಶದೊಳಗೆ ಬಿಚ್ಚಿಕೊಳ್ಳಲಾರದು, ಬೆಳೆಯಲಾರದು, ಲಸಿಕೆಗೆ ಬೇಕಾದಷ್ಟು ಸಿಗಲಾರದು. ಖಾಲಿ ಕವಚಕ್ಕೆ ಬಿಚ್ಚಿಕೊಳ್ಳುವ ಕರ್ತವ್ಯವೇ ಇಲ್ಲ. ಹಾಗೆ ನೋಡಿದರೆ ಒಳಗೆ ಆರ್‌ಎನ್‌ಎ ಇಲ್ಲದ ಕಾರಣ ಅದು ಮೂಲ ವೈರಾಣುವಿಗಿಂತಲೂ ದುರ್ಬಲ, ಬಿಗಿಮಾಡದೆ ಗತಿಯೂ ಇಲ್ಲ. 2013ರಲ್ಲಿ ಮೇಲೆ ಹೇಳಿದ ಇಂಗ್ಲೆಂಡಿನ ತಂಡವೇ ವಿಪಿ0ಯ ಭಾಗವಾದ ವಿಪಿ2ರ 93ನೆಯ ಸ್ಥಾನದಲ್ಲಿ ಸಿಸ್ಟೀನ್ ಇಟ್ಟು, ಅಕ್ಕಪಕ್ಕದ ಬಿಲ್ಲೆಗಳು ಗಂಧಕದ ಕೊಂಡಿಯಿಂದ ಒಂದನ್ನೊಂದು ಹಿಡಿದುಕೊಳ್ಳುವಂತೆ ಮಾಡಿತು. ಆ ಕವಚಗಳು ಬಿಸಿಯನ್ನೂ ಹುಳಿಯನ್ನೂ ಹೆಚ್ಚು ತಾಳಿಕೊಂಡವು, ಹಸುಗಳನ್ನು ರೋಗದಿಂದ ಕಾಪಾಡಿದವು. ಚಿಟಿಕೆಯಷ್ಟು 3ಸಿ ಎಂಬ ಉಪಾಯ ಇಲ್ಲದಿದ್ದರೆ ಈ ಪರೀಕ್ಷೆಗೆ ಬೇಕಾದ ಕವಚಗಳನ್ನು ಕೂಡಿಹಾಕುವುದೇ ಕಷ್ಟವಾಗುತ್ತಿತ್ತು.

ಇನ್ನೊಂದು ಪ್ರಯೋಜನವನ್ನು ಚಿಕ್ಕದಾಗಿ ಹೇಳುತ್ತೇನೆ. ಹಸುವಿನ ರಕ್ತದಲ್ಲಿ ಪ್ರತಿಕಾಯ ಕಂಡರೆ ಅದು ಲಸಿಕೆಯಿಂದ ಬಂದದ್ದೋ ಸೋಂಕಿನಿಂದ ಬಂದದ್ದೋ ತಿಳಿಯಬೇಕು, ತಿಳಿಯದಿದ್ದರೆ ಒಂದು ಪ್ರದೇಶ ರೋಗಮುಕ್ತವೆಂದು ಸಾರಲಾಗದು. ನಮ್ಮ ದೇಶದಲ್ಲಿ ಇದಕ್ಕೆ ಉದ್ದನೆಯ ಸರದಲ್ಲಿದ್ದರೂ ಕವಚಕ್ಕೆ ಸೇರದ 3ಎಬಿ ಎಂಬ ಭಾಗಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ನಡೆಯುತ್ತದೆ. ಹಂಡೆಯಲ್ಲಿ ಬೆಳೆಸಿದ ವೈರಾಣುವಿನಿಂದ ಆ ಭಾಗಗಳನ್ನು ಶ್ರಮಪಟ್ಟು ಶುದ್ಧಿ ಮಾಡಿ ತೆಗೆಯಬೇಕು. ಪಿ1 ಮತ್ತು 3ಸಿ ಮಾತ್ರ ಇರುವ ಲಸಿಕೆಯಲ್ಲಿ ಆ ಭಾಗಗಳು ಮೊದಲಿಗೇ ಇರುವುದಿಲ್ಲ.

ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಆವರಣ ಕಾಲುಬಾಯಿ ಲಸಿಕೆಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತ ಬಂದಿದೆ. ಮೇಲ್ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಆ ಕಡೆಗೆ ನನ್ನ ಕಣ್ಣು ಹೊರಳುತ್ತದೆ. ಮೂರು ಸೀರೋಟೈಪುಗಳ ಖಾಲಿ ಕವಚಗಳನ್ನು, ನಮ್ಮಲ್ಲೇ ಸುತ್ತುತ್ತಿರುವ ತಳಿಗಳಿಗೆ ಹೊಂದುವಂತೆ, ನಮ್ಮ ಬಿಸಿಲಿಗೆ ತಾಳುವಂತೆ ತಯಾರಿಸುವ ಕೆಲಸ ಈ ದೇಶದಲ್ಲಿಯೇ ಆಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟೊಂದು ಜಾನುವಾರು ಮತ್ತು ಇಷ್ಟೊಂದು ಬಿಸಿಲು ಒಟ್ಟಿಗೆ ಇರುವ ದೇಶಗಳು ಹೆಚ್ಚಿಲ್ಲ.

ಮೊನ್ನೆ ಫೋನಿನಲ್ಲಿ ಇಷ್ಟನ್ನೂ ಚಿಕ್ಕಪ್ಪನಿಗೆ ನನಗೆ ತೋಚಿದ ಮಾತುಗಳಲ್ಲಿ ವಿವರಿಸಿದೆ. ಅಡಕತ್ತರಿಯ ಹೋಲಿಕೆ ಅವರಿಗೆ ಒಪ್ಪಿತವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಐಸ್ ಪೆಟ್ಗೆ ಇಲ್ದಿದ್ರೂ ಕೆಡಲ್ಲ ಅನ್ನು" ಎಂದರು. ಅಷ್ಟರ ಮಟ್ಟಿಗೆ ಇನ್ನೂ ಬಂದಿಲ್ಲ, ಐಸ್ ಬೇಕೇ ಬೇಕು, ಮುಂದಿನ ಸುತ್ತಿಗೆ ಬಂದಾಗ ಬಾಟಲಿ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ ಎಂದೆ. ಕರುವಿಗೆ ಇದು ಮೊದಲ ಲಸಿಕೆಯಾದ್ದರಿಂದ ಒಂದು ತಿಂಗಳಲ್ಲಿ ಇನ್ನೊಮ್ಮೆ ಹಾಕಿಸಬೇಕೆಂಬುದನ್ನೂ ನೆನಪಿಸಿದೆ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.